ರೈಲ್ವೆ ಕಾರ್ಮಿಕರ ಮುಂದಾಳು ರಾಷ್ಟ್ರಪತಿಯಾದ ಬಗೆ

ಶಾಲೆಯಿಂದ ಬಂದ ಮಗು ನಮ್ಮ ದೇಶದ ರಾಷ್ಟ್ರಪತಿ ಯಾರೆಂದು ಕೇಳಿದರೆ ಹೆಸರು ಹೇಳಿ ಕಳುಹಿಸುವುದು ಸುಲಭ. ಅವರು ರಾಷ್ಟ್ರಪತಿಯಾದುದು ಹೇಗೆಂದು ಕೇಳಿದರೆ ಮಾತ್ರ, ಗಲ್ಲಾದ ಮುಂದೆ ಕುಳಿತ ನಮ್ಮ ಬಂಧುವೂ, ದಿನವಿಡೀ ಲೆಜರು ಬರೆದು ಮನೆಗೆ ಮರಳಿದ ಗುಮಾಸ್ತನೂ ಒಂದು ಕ್ಷಣ ತಡವರಿಸುವುದುಂಟು. ಪ್ರಧಾನಮಂತ್ರಿಯಾಗುವ ಬಗೆ ಎಲ್ಲರಿಗೂ ಸ್ಥೂಲವಾಗಿ ತಿಳಿದಿದೆ; ಅದರ ಮೊದಲ ಮೆಟ್ಟಲಿನಲ್ಲಿ ನಾವೇ ಸಾಲಿನಲ್ಲಿ ನಿಂತು ಮತ ಹಾಕುತ್ತೇವೆ. ರಾಷ್ಟ್ರಪತಿಯ ಚುನಾವಣೆಯಲ್ಲಿ ನಮ್ಮಲ್ಲಿ ಯಾರೂ ಮತ ಹಾಕಿದವರಲ್ಲ. ಸಂವಿಧಾನದ ವಿಧಿಗಳನ್ನು ಒಂದೊಂದಾಗಿ ಒಪ್ಪಿಸಹೊರಟರೆ ಮಗು ನಿದ್ದೆಹೋಗುವುದು ನಿಶ್ಚಯ. ಆದುದರಿಂದ ಒಬ್ಬ ಮನುಷ್ಯನ ಜೀವನಚರಿತ್ರೆಯನ್ನು ಹಿಡಿದೇ ಈ ವಿಷಯವನ್ನು ತಿಳಿಯಹೇಳುವುದು ಲೇಸೆಂದು ನಮಗೆ ತೋರುತ್ತದೆ. ಅದಕ್ಕೆ ನಾವು ಆರಿಸಿಕೊಂಡಿರುವುದು ನಾಲ್ಕನೆಯ ರಾಷ್ಟ್ರಪತಿ ವರಾಹಗಿರಿ ವೆಂಕಟಗಿರಿಯವರನ್ನು. ದುಡಿದು ತಿನ್ನುವವರ ಸಂಘಗಳನ್ನು ಕಟ್ಟುತ್ತ ತಾರುಣ್ಯವನ್ನು ಸವೆಸಿದವರು ಅವರು. ಯಾವ ಪಕ್ಷದ ಅಭ್ಯರ್ಥಿಯೂ ಆಗದೆ ಸ್ವತಂತ್ರರಾಗಿ ನಿಂತು ರಾಷ್ಟ್ರಪತಿಯಾಗಿ ಗೆದ್ದವರು ಈ ದೇಶದಲ್ಲಿ ಅವರೊಬ್ಬರೇ.

ಗಿರಿಯವರು ಹುಟ್ಟಿದ್ದು 1894ರ ಆಗಸ್ಟ್ 10ರಂದು, ಗಂಜಾಂ ಜಿಲ್ಲೆಯ ಬರಹಂಪುರದಲ್ಲಿ. ಆ ಊರು ಅಂದು ಮದರಾಸು ಪ್ರಾಂತಕ್ಕೆ ಸೇರಿತ್ತು, ಇಂದು ಒಡಿಶಾದಲ್ಲಿದೆ. ಮನೆಮಾತು ತೆಲುಗು. ತಂದೆ ಜೋಗಯ್ಯ ಪಂತುಲು ಹೆಸರುವಾಸಿ ವಕೀಲರು, ಕಾಂಗ್ರೆಸ್ಸಿಗರು. ತಾಯಿ ಸುಭದ್ರಮ್ಮನವರೂ ಮನೆಯೊಳಗೇ ಕುಳಿತವರಲ್ಲ. ಕಾನೂನುಭಂಗ ಚಳವಳಿಯಲ್ಲಿ ಪಾನನಿರೋಧಕ್ಕಾಗಿ ಬೀದಿಗಿಳಿದು ಸೆರೆಯಾದವರು. ಇಂಥ ಮನೆಯ ಮಗ ಕಾನೂನು ಓದಲು ಹಡಗು ಹತ್ತಿದುದು ಸಹಜವೇ. ಆದರೆ ಆ ಕಾಲದ ಶ್ರೀಮಂತ ವಕೀಲರ ಮಕ್ಕಳೆಲ್ಲ ಲಂಡನ್ನಿಗೆ ಹೋಗುತ್ತಿದ್ದಾಗ ಇವರು 1913ರಲ್ಲಿ ಐರ್ಲೆಂಡಿನ ಡಬ್ಲಿನ್ನಿಗೆ ಹೋದರು. ಅವರ ಬಾಳಿನ ದಿಕ್ಕನ್ನು ನಿರ್ಧರಿಸಿದ್ದು ಈ ಆಯ್ಕೆಯೇ ಎಂದು ನಾವು ಭಾವಿಸುತ್ತೇವೆ.

ಐರ್ಲೆಂಡೂ ನಮ್ಮಂತೆಯೇ ಇಂಗ್ಲಿಷರ ಆಳ್ವಿಕೆಯಲ್ಲಿ ನರಳುತ್ತಿದ್ದ ನಾಡು. ಗಿರಿಯವರು ಡಬ್ಲಿನ್ ಸೇರಿದ ವರ್ಷವೇ ಆ ನಗರದ ಸಾವಿರಾರು ಕಾರ್ಮಿಕರನ್ನು, ಸಂಘಕ್ಕೆ ಸೇರಿದರೆಂಬ ಕಾರಣಕ್ಕಾಗಿ, ಮಾಲಿಕರು ಕೆಲಸದಿಂದ ಹೊರಗಟ್ಟಿ ಬಾಗಿಲು ಹಾಕಿದ್ದರು. ರೊಟ್ಟಿಗೂ ಗತಿಯಿಲ್ಲದೆ ತಿಂಗಳುಗಟ್ಟಲೆ ಸಂಘವನ್ನು ಬಿಡದೆ ನಿಂತ ಜನರನ್ನು ಕಂಡ ತರುಣನ ಮನಸ್ಸಿನಲ್ಲಿ ಕಾನೂನಿನ ಪುಸ್ತಕಗಳಿಗಿಂತ ಅದೇ ಹೆಚ್ಚು ಆಳವಾಗಿ ನಾಟಿತು. ಆ ಕಾರ್ಮಿಕರ ನಾಯಕರಲ್ಲೊಬ್ಬರಾದ ಜೇಮ್ಸ್ ಕಾನಲಿ 1916ರ ಈಸ್ಟರ್ ದಂಗೆಯಲ್ಲಿ ಮುಂದಾಳಾಗಿ ನಿಂತು ಗುಂಡಿಗೆ ಬಲಿಯಾದರು. ಐರಿಷ್ ರಾಷ್ಟ್ರೀಯವಾದಿಗಳೊಡನೆ ಒಡನಾಟವಿದ್ದ ಗಿರಿಯವರ ಮೇಲೂ ಪೊಲೀಸರ ಕಣ್ಣು ಬಿದ್ದು, ದೇಶ ಬಿಟ್ಟು ತೊಲಗಬೇಕೆಂಬ ಆಜ್ಞೆ ಬಂತು. ಅದೇ ವರ್ಷ ಅವರು ಬರಹಂಪುರಕ್ಕೆ ಮರಳಿದರು.

ಮರಳಿ ಬಂದು ವಕೀಲಿ ಆರಂಭಿಸಿದರು. ಅಸಹಕಾರ ಚಳವಳಿಯ ಕರೆ ಬಂದಾಗ ಅದನ್ನು ಬಿಟ್ಟರು. 1922ರಲ್ಲಿ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ನಡೆಸಿ ಸೆರೆಯಾದರು. ಅಲ್ಲಿಂದ ಮುಂದೆ ಅವರ ಹೆಸರು ಬೆಳೆದುದು ರೈಲ್ವೆ ಕಾರ್ಮಿಕರ ನಡುವೆ. ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್ನನ್ನು ಕಟ್ಟಿದವರಲ್ಲಿ ಅವರೊಬ್ಬರು. ಬಹುಕಾಲ ಅದರ ಪ್ರಧಾನ ಕಾರ್ಯದರ್ಶಿಗಳಾಗಿದ್ದರು. ವಾಚಕರು ಈ ಸಂಸ್ಥೆಯ ಹೆಸರನ್ನು ನೆನಪಿನಲ್ಲಿಡಬೇಕು, ಮುಂದೆ ಅದು ಮತ್ತೆ ಬರುವುದು. ಬಂಗಾಳ–ನಾಗಪುರ ರೈಲ್ವೆ ಕಂಪನಿ ತನ್ನ ನೌಕರರನ್ನು ಕೆಲಸದಿಂದ ತೆಗೆದುಹಾಕಲು ಹೊರಟಾಗ ಗಿರಿಯವರ ನೇತೃತ್ವದಲ್ಲಿ 1928ರಲ್ಲಿ ಮುಷ್ಕರ ನಡೆಯಿತು. ಕಲ್ಲು ತೂರಾಟವಿಲ್ಲ, ಬೆಂಕಿಯಿಲ್ಲ. ಕಂಪನಿಯೂ ಸರ್ಕಾರವೂ ಕೊನೆಗೆ ಕಾರ್ಮಿಕರ ಬೇಡಿಕೆಗಳಿಗೆ ಮಣಿದವು. 1927ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೂ, 1931ರಲ್ಲಿ ಲಂಡನ್ನಿನ ಎರಡನೆಯ ದುಂಡುಮೇಜಿನ ಪರಿಷತ್ತಿಗೂ ಭಾರತದ ಕಾರ್ಮಿಕರ ಪರವಾಗಿ ಹೋದವರು ಅವರೇ. ಈ ಓಡಾಟಗಳ ನಡುವೆ ಸಂಸಾರವೂ ಸಣ್ಣದಾಗಿರಲಿಲ್ಲ. ಸರಸ್ವತೀಬಾಯಿಯವರಿಗೂ ಅವರಿಗೂ ಹದಿನಾಲ್ಕು ಮಂದಿ ಮಕ್ಕಳು. ಮುಂಬಯಿಯ ಚಾಳಿನ ಒಂದು ಕೋಣೆಯಲ್ಲಿ ಮೂವರನ್ನು ಸಾಕುವವರು ಇದನ್ನೋದಿ ನಿಟ್ಟುಸಿರು ಬಿಟ್ಟಾರು.

1937ರ ಚುನಾವಣೆಯಲ್ಲಿ ಅವರು ಬೊಬ್ಬಿಲಿಯಲ್ಲಿ ನಿಂತರು. ಎದುರಾಳಿ ಸಾಮಾನ್ಯರಲ್ಲ, ಮದರಾಸಿನ ಮುಖ್ಯಮಂತ್ರಿಯಾಗಿದ್ದ ಜಸ್ಟಿಸ್ ಪಕ್ಷದ ಮುಂದಾಳು, ಸಾಕ್ಷಾತ್ ಬೊಬ್ಬಿಲಿಯ ರಾಜರು. ರಾಜರು ತಮ್ಮ ಸೀಮೆಯಲ್ಲೇ ಸೋತರು. ಗಿರಿಯವರು ರಾಜಾಜಿಯವರ ಮಂತ್ರಿಮಂಡಲದಲ್ಲಿ ಕಾರ್ಮಿಕ ಮತ್ತು ಕೈಗಾರಿಕಾ ಸಚಿವರಾದರು. 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳೊಡನೆ ಹೊರಬಂದು, ಕ್ವಿಟ್ ಇಂಡಿಯಾ ಕಾಲದಲ್ಲಿ ಸೆರೆವಾಸ ಅನುಭವಿಸಿ, ಸ್ವಾತಂತ್ರ್ಯ ಬಂದ ವರ್ಷ ಸಿಂಹಳಕ್ಕೆ ಹೈಕಮಿಷನರರಾಗಿ ಹೋಗಿ 1951ರ ವರೆಗೂ ಅಲ್ಲಿದ್ದರು.

1952ರಲ್ಲಿ ಲೋಕಸಭೆಗೆ ಆರಿಸಿಬಂದ ಗಿರಿಯವರನ್ನು ನೆಹರೂ ಕೇಂದ್ರದ ಕಾರ್ಮಿಕ ಸಚಿವರನ್ನಾಗಿ ಮಾಡಿದರು. ಆಗ ಬ್ಯಾಂಕ್ ನೌಕರರ ಪಗಾರದ ತಕರಾರು ಹಲವು ವರ್ಷಗಳಿಂದ ನ್ಯಾಯಮಂಡಲಿಯಿಂದ ನ್ಯಾಯಮಂಡಲಿಗೆ ಅಲೆಯುತ್ತಿತ್ತು. ಕೊನೆಗೆ 1954ರಲ್ಲಿ ಮೇಲ್ಮನವಿ ನ್ಯಾಯಮಂಡಲಿ ಕೊಟ್ಟ ತೀರ್ಪನ್ನು ಸರ್ಕಾರ ತನ್ನ ಅಧಿಕಾರದಿಂದ ಮಾರ್ಪಡಿಸಿ ನೌಕರರಿಗೆ ಸಿಕ್ಕಬೇಕಾದುದನ್ನು ತಗ್ಗಿಸಿತು. ಕಾರ್ಮಿಕ ಸಚಿವರು ಇದಕ್ಕೆ ಒಪ್ಪಲಿಲ್ಲ. ಒಪ್ಪದಿದ್ದವರು ಸಾಧಾರಣವಾಗಿ ಮಾಡುವಂತೆ ಮುಖ ಗಂಟಿಕ್ಕಿ ಕುರ್ಚಿಯಲ್ಲೇ ಕುಳಿತಿರಲೂ ಇಲ್ಲ. ರಾಜೀನಾಮೆ ಕೊಟ್ಟು ಹೊರನಡೆದರು. ತರುವಾಯ ಸರ್ಕಾರ ವಿಚಾರಣಾ ಆಯೋಗವನ್ನು ನೇಮಿಸಬೇಕಾಯಿತು. ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಗಜೇಂದ್ರಗಡಕರರು ವರದಿ ಕೊಟ್ಟರು. 1955ರಲ್ಲಿ ಅದರಂತೆ ಕಾನೂನಾಯಿತು. ಗುಮಾಸ್ತರ ಸಂಬಳಕ್ಕಾಗಿ ಕೇಂದ್ರ ಸಚಿವರೊಬ್ಬರು ಪದವಿ ಬಿಟ್ಟ ಸಂಗತಿಯನ್ನು ನಮ್ಮ ಬ್ಯಾಂಕುಗಳಲ್ಲಿ ದುಡಿಯುವ ಕನ್ನಡಿಗರು ಮಕ್ಕಳಿಗೆ ಅವಶ್ಯ ಹೇಳಬೇಕು.

1957ರಲ್ಲಿ ಗಿರಿಯವರು ಲೋಕಸಭೆಯ ಚುನಾವಣೆಯಲ್ಲಿ ಸೋತರು. ಸೋತ ಗಿರಿಗೆ ರಾಜ್ಯಪಾಲಗಿರಿ ದೊರೆಯಿತು. ಮೊದಲು ಉತ್ತರ ಪ್ರದೇಶ, ಅನಂತರ ಕೇರಳ, 1965ರಿಂದ ಎರಡು ವರ್ಷ ನಮ್ಮ ಮೈಸೂರು ರಾಜ್ಯ. ಅವರು ಬೆಂಗಳೂರಿನ ರಾಜಭವನದಲ್ಲಿದ್ದಾಗ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ಎಸ್. ನಿಜಲಿಂಗಪ್ಪನವರು. ಇವರಿಬ್ಬರೂ ಕೆಲವೇ ವರ್ಷಗಳಲ್ಲಿ ಎದುರುಬದುರು ಪಾಳೆಯಗಳಲ್ಲಿ ನಿಲ್ಲುವರೆಂದು ಅಂದು ವಿಧಾನಸೌಧದಲ್ಲಿ ಯಾರು ಊಹಿಸಿದ್ದಾರು!

1967ರಲ್ಲಿ ಗಿರಿಯವರು ಉಪರಾಷ್ಟ್ರಪತಿಗಳಾದರು. ಉಪರಾಷ್ಟ್ರಪತಿಯನ್ನು ಪಾರ್ಲಿಮೆಂಟಿನ ಎರಡೂ ಸಭೆಗಳ ಸದಸ್ಯರು ಆರಿಸುವರು. ಅವರು ರಾಜ್ಯಸಭೆಯ ಅಧ್ಯಕ್ಷತೆ ವಹಿಸುವರು. ರಾಷ್ಟ್ರಪತಿಯ ಸ್ಥಾನ ತೆರವಾದರೆ ಹೊಸಬರು ಬರುವವರೆಗೆ ಆ ಕೆಲಸವನ್ನು ನೋಡಿಕೊಳ್ಳುವರು. ನಮ್ಮ ಬಿ.ಡಿ. ಜತ್ತಿಯವರು 1977ರಲ್ಲಿ ಐದು ತಿಂಗಳಿಗೂ ಹೆಚ್ಚು ಕಾಲ ರಾಷ್ಟ್ರಪತಿಭವನದಲ್ಲಿ ಇದ್ದುದು ಈ ನಿಯಮದಿಂದಲೇ. 1969ರ ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನರು ಪದವಿಯಲ್ಲಿದ್ದಾಗಲೇ ತೀರಿಕೊಂಡರು. ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಆರು ತಿಂಗಳೊಳಗೆ ಚುನಾವಣೆ ನಡೆಯಬೇಕಾಗಿತ್ತು.

ಇಲ್ಲಿ ಕತೆ ಬೆಂಗಳೂರಿಗೆ ಬರುತ್ತದೆ. ಆ ವರ್ಷದ ಜುಲೈ ತಿಂಗಳಲ್ಲಿ ಕಾಂಗ್ರೆಸ್ ಮುಖಂಡರು ಲಾಲ್‌ಬಾಗಿನ ಗಾಜಿನಮನೆಯಲ್ಲಿ ಅಧಿವೇಶನಕ್ಕಾಗಿ ನೆರೆದಿದ್ದರು. ನಿಜಲಿಂಗಪ್ಪನವರು ಆಗ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರು. ಪಕ್ಷದ ಪಾರ್ಲಿಮೆಂಟರಿ ಮಂಡಲಿ, ಪ್ರಧಾನಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ, ನೀಲಂ ಸಂಜೀವರೆಡ್ಡಿಯವರನ್ನು ಬಹುಮತದಿಂದ ಅಭ್ಯರ್ಥಿಯನ್ನಾಗಿ ಆರಿಸಿತು. ಗಿರಿಯವರು ಕೂಡಲೇ ತಾವು ಸ್ವತಂತ್ರರಾಗಿ ನಿಲ್ಲುವುದಾಗಿ ಸಾರಿದರು. ಜುಲೈ 19ರಂದು ಹದಿನಾಲ್ಕು ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಸಹಿ ಹಾಕಿದರು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ ಆ ಹದಿನಾಲ್ಕರಲ್ಲಿ ಸೇರಿದ್ದವು. ಮರುದಿನವೇ ಪದತ್ಯಾಗ ಮಾಡಿದರು. ರಾಷ್ಟ್ರಪತಿಯೂ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ ಎಂಬ ಪರಿಸ್ಥಿತಿಗೆಂದೇ ಪಾರ್ಲಿಮೆಂಟು ಆ ವರ್ಷ ಮಾಡಿದ್ದ ಕಾನೂನಿನಂತೆ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಹಿದಾಯತುಲ್ಲಾ ಅವರು ಒಂದು ತಿಂಗಳಿಗೂ ಮಿಕ್ಕು ರಾಷ್ಟ್ರಪತಿಯ ಕಾರ್ಯ ನಿರ್ವಹಿಸಿದರು.

ಈಗ ಮಗುವಿನ ಪ್ರಶ್ನೆಗೆ ಬರೋಣ. ರಾಷ್ಟ್ರಪತಿಯಾಗಬೇಕಾದವರು ಭಾರತದ ಪ್ರಜೆಯಾಗಿರಬೇಕು, ಮೂವತ್ತೈದು ವರ್ಷ ತುಂಬಿರಬೇಕು, ಲೋಕಸಭೆಗೆ ನಿಲ್ಲುವ ಅರ್ಹತೆ ಇರಬೇಕು, ಸರ್ಕಾರದ ಸಂಬಳದ ಹುದ್ದೆಯಲ್ಲಿರಬಾರದು. ಇವರನ್ನು ಆರಿಸುವವರು ಪಾರ್ಲಿಮೆಂಟಿನ ಚುನಾಯಿತ ಸದಸ್ಯರು ಮತ್ತು ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು, ನಾಮಕರಣಗೊಂಡವರಿಗೆ ಮತವಿಲ್ಲ. ಅಂದರೆ ನಾವು ಆರಿಸಿದವರು ಮತ್ತೊಬ್ಬರನ್ನು ಆರಿಸುತ್ತಾರೆ.

ಆದರೆ ಒಬ್ಬರ ಮತಕ್ಕಿರುವ ತೂಕ ಇನ್ನೊಬ್ಬರ ಮತಕ್ಕಿಲ್ಲ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಸಾವಿರದಿಂದ ಭಾಗಿಸಿದರೆ ಅಲ್ಲಿನ ಒಬ್ಬ ಶಾಸಕರ ಮತದ ಬೆಲೆ ಸಿಕ್ಕುತ್ತದೆ. 1961ರ ಜನಗಣತಿಯಂತೆ ಮೈಸೂರು ರಾಜ್ಯದ ಜನ 2 ಕೋಟಿ 35 ಲಕ್ಷಕ್ಕೂ ಹೆಚ್ಚು, ಶಾಸಕರು 216. ಆದುದರಿಂದ 1969ರಲ್ಲಿ ಮೈಸೂರಿನ ಶಾಸಕರ ಒಂದು ಮತದ ಬೆಲೆ 109. ಮಹಾರಾಷ್ಟ್ರದ್ದು 146. ಎಲ್ಲ ಶಾಸಕರ ಮತಗಳ ಒಟ್ಟು ಬೆಲೆಯನ್ನು ಪಾರ್ಲಿಮೆಂಟಿನ ಚುನಾಯಿತ ಸದಸ್ಯರಿಗೆ ಸಮವಾಗಿ ಹಂಚಿದಾಗ ಆ ವರ್ಷ ಪ್ರತಿ ಸದಸ್ಯರಿಗೆ 576 ಬಂತು. ಹೀಗೆ ರಾಜ್ಯಗಳೆಲ್ಲ ಕೂಡಿ ಒಂದು ತಟ್ಟೆ, ಪಾರ್ಲಿಮೆಂಟು ಇನ್ನೊಂದು ತಟ್ಟೆ, ತಕ್ಕಡಿ ಸರಿಸಮ. ಬೋನಸ್ಸಿನ ಲೆಕ್ಕ ಹಾಕಬಲ್ಲ ಗುಮಾಸ್ತರಿಗೆ ಇದೇನೂ ಕಷ್ಟವಲ್ಲ.

ಕಷ್ಟವಿರುವುದು ಮುಂದಿನ ಮೆಟ್ಟಲಿನಲ್ಲಿ. ಮತಪತ್ರದ ಮೇಲೆ ಒಂದೇ ಗುರುತು ಹಾಕುವುದಲ್ಲ. ಇಷ್ಟವಾದವರ ಹೆಸರಿನ ಮುಂದೆ 1, ಅವರಾಗದಿದ್ದರೆ ಯಾರೋ ಅವರ ಮುಂದೆ 2, ಹೀಗೆ ಅಂಕಿ ಬರೆಯಬೇಕು. ಮಕ್ಕಳಿಗೆ ಹೀಗೆ ಹೇಳಬಹುದು: ಹನ್ನೊಂದು ಹುಡುಗರು ಕ್ರಿಕೆಟ್ ತಂಡಕ್ಕೆ ನಾಯಕನನ್ನು ಆರಿಸಬೇಕಾಗಿದೆ. ರಾಮನಿಗೆ ಐದು, ಭೀಮನಿಗೆ ನಾಲ್ಕು, ಸೋಮನಿಗೆ ಎರಡು ಚೀಟಿ ಬಂದವು. ಗೆಲ್ಲಲು ಅರ್ಧಕ್ಕಿಂತ ಹೆಚ್ಚು, ಎಂದರೆ ಆರು ಬೇಕು, ಯಾರಿಗೂ ಇಲ್ಲ. ಆಗ ಕಡಮೆ ಬಂದ ಸೋಮನನ್ನು ಕೈಬಿಟ್ಟು, ಅವನ ಎರಡು ಚೀಟಿಗಳನ್ನು ತೆರೆದು, 2 ಎಂದು ಯಾರ ಮುಂದೆ ಬರೆದಿದೆಯೋ ಅವರಿಗೆ ಕೂಡಿಸುವುದು. ಎರಡೂ ಭೀಮನ ಪಾಲಾದರೆ ಮೊದಲು ಹಿಂದಿದ್ದ ಭೀಮನೇ ನಾಯಕ. ಗಿರಿಯವರು ಓದಿದ ಐರ್ಲೆಂಡಿನಲ್ಲಿಯೂ ಅಧ್ಯಕ್ಷರನ್ನು ಈ ಅಂಕಿಗಳ ಕ್ರಮದಿಂದಲೇ ಆರಿಸುವರು. ಅಲ್ಲಿ ಮತ ಹಾಕುವವರು ನೇರವಾಗಿ ಜನರೇ ಎಂಬುದಷ್ಟೇ ವ್ಯತ್ಯಾಸ.

1969ರ ಕಣದಲ್ಲಿ ಹದಿನೈದು ಮಂದಿ ಇದ್ದರು. ಹೆಸರು ಸೂಚಿಸಲು ಆಗ ಒಬ್ಬಿಬ್ಬರಿದ್ದರೆ ಸಾಕಾಗಿತ್ತು. ನಿಂತವರಲ್ಲಿ ಕೆಲವರಿಗೆ ಒಂದು ಮತವೂ ಬೀಳಲಿಲ್ಲ. ಈ ಪರದಾಟ ತಪ್ಪಿಸಲೆಂದೇ 1974ರಲ್ಲಿ ಹತ್ತು ಮಂದಿ ಸೂಚಕರೂ ಹತ್ತು ಮಂದಿ ಅನುಮೋದಕರೂ ಬೇಕೆಂದು ಕಾನೂನಾಯಿತು. 1997ರಲ್ಲಿ ಅದು ಐವತ್ತಕ್ಕೆ ಏರಿತು. ನಿಜವಾದ ಸ್ಪರ್ಧಿಗಳು ಮೂವರೇ. ಗಿರಿ, ಸಂಜೀವರೆಡ್ಡಿ, ಇವರ ಜೊತೆಗೆ ಸ್ವತಂತ್ರ ಪಕ್ಷವೂ ಜನಸಂಘವೂ ಬೆಂಬಲಿಸಿದ ಚಿಂತಾಮಣಿ ದೇಶಮುಖರು. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರರಾಗಿದ್ದ ಈ ಸಂಭಾವಿತರು, 1956ರಲ್ಲಿ ಮುಂಬಯಿಯ ಪ್ರಶ್ನೆಗಾಗಿ ಕೇಂದ್ರದ ಅರ್ಥಸಚಿವ ಪದವಿಯನ್ನೇ ಬಿಟ್ಟವರೆಂಬುದನ್ನು ಮುಂಬಯಿಯ ಹಳಬರು ಬಲ್ಲರು.

ನಿಜಲಿಂಗಪ್ಪನವರು ಆ ಎರಡು ಪಕ್ಷಗಳ ನಾಯಕರನ್ನು ಕಂಡು, ಎರಡನೆಯ ಪ್ರಾಶಸ್ತ್ಯದ ಮತಗಳನ್ನು ರೆಡ್ಡಿಯವರಿಗೆ ಕೊಡಿಸಬೇಕೆಂದು ಕೇಳಿಕೊಂಡರು. ಲೆಕ್ಕದ ದೃಷ್ಟಿಯಿಂದ ಇದು ಜಾಣತನ. ರಾಜಕೀಯದಲ್ಲಿ ಅದೇ ತಿರುಗುಬಾಣವಾಯಿತು. ಕಾಂಗ್ರೆಸ್ಸು ತನ್ನ ವಿರೋಧಿಗಳೊಡನೆ ಕೈಜೋಡಿಸಿದೆಯೆಂದು ಇಂದಿರಾ ಗಾಂಧಿಯವರ ಕಡೆಯವರು ಕೂಗೆಬ್ಬಿಸಿದರು. ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸಹಿ ಮಾಡಿದ್ದ ಪ್ರಧಾನಿ, ಸದಸ್ಯರು ತಂತಮ್ಮ ಆತ್ಮಸಾಕ್ಷಿಯಂತೆ ಮತ ಹಾಕಲೆಂದು ಬಿಟ್ಟರು. ಹಿರಿಯರಾದ ನಿಜಲಿಂಗಪ್ಪನವರಿಗೆ ಈ ಪ್ರಕರಣದಲ್ಲಿ ಪೂರ್ಣ ನ್ಯಾಯ ದೊರೆಯಿತೆಂದು ನಮಗನಿಸುವುದಿಲ್ಲ. ಪಕ್ಷ ಆರಿಸಿದ ಅಭ್ಯರ್ಥಿಗಾಗಿ ಪಕ್ಷದ ಅಧ್ಯಕ್ಷರು ಮತ ಕೇಳುವುದು ಅಪರಾಧವಾಗಲಾರದು.

ಆಗಸ್ಟ್ 16ರಂದು ಮತದಾನ. ಆರು ದಿನ ಹಿಂದೆ ಗಿರಿಯವರಿಗೆ ಎಪ್ಪತ್ತೈದು ತುಂಬಿತ್ತು. ಎಣಿಕೆ ನಡೆದುದು 20ರಂದು. ಸಿಂಧುವಾದ ಮತಗಳ ಒಟ್ಟು ಬೆಲೆ 8,36,337. ಗೆಲ್ಲಲು ಬೇಕಾದುದು 4,18,169. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗಿರಿಯವರು ಮುಂದಿದ್ದರೂ ಹದಿನಾರು ಸಾವಿರದಷ್ಟು ಕೊರತೆ. ಆದುದರಿಂದ ಕೆಳಗಿನವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಕೊನೆಗೆ ದೇಶಮುಖರ ಮತಪತ್ರಗಳನ್ನೂ ಹಂಚಲಾಯಿತು. ನಿಜಲಿಂಗಪ್ಪನವರ ಲೆಕ್ಕ ಸುಳ್ಳಾಗಲಿಲ್ಲ. ಹಂಚಿಕೆಯಲ್ಲಿ ರೆಡ್ಡಿಯವರಿಗೆ ಸುಮಾರು 92 ಸಾವಿರ ಬಂದರೆ ಗಿರಿಯವರಿಗೆ ಬಂದುದು ಹದಿನೆಂಟೂವರೆ ಸಾವಿರ ಮಾತ್ರ. ಆದರೆ ಗಿರಿಯವರಿಗೆ ಬೇಕಾದುದೂ ಅಷ್ಟೇ! ಕೊನೆಯ ಮೊತ್ತ ಗಿರಿ 4,20,077, ರೆಡ್ಡಿ 4,05,427. ಹತ್ತು ಸಾವಿರಕ್ಕೂ ಹೆಚ್ಚು ಬೆಲೆಯ ಮತಪತ್ರಗಳು ಇಬ್ಬರಲ್ಲಿ ಯಾರ ಕಡೆಗೂ ಸೇರಲಿಲ್ಲ. ಎರಡನೆಯ ಪ್ರಾಶಸ್ತ್ಯವನ್ನು ಎಣಿಸಿ ರಾಷ್ಟ್ರಪತಿಯನ್ನು ನಿರ್ಣಯಿಸಿದ್ದು ಅದೇ ಮೊದಲು. 2022ರ ಚುನಾವಣೆಯವರೆಗೆ ಇನ್ನೊಮ್ಮೆ ಆ ಪ್ರಸಂಗ ಬರಲಿಲ್ಲ.

ಆಗಸ್ಟ್ 24ರಂದು ಗಿರಿಯವರು ಪ್ರಮಾಣವಚನ ಸ್ವೀಕರಿಸಿದರು. ಆ ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ಸು ಎರಡು ಹೋಳಾಯಿತು. ಚುನಾವಣೆ ಅಕ್ರಮವೆಂದು ಸುಪ್ರೀಂ ಕೋರ್ಟಿಗೆ ದೂರು ಹೋದಾಗ ರಾಷ್ಟ್ರಪತಿಗಳು 1970ರಲ್ಲಿ ಸ್ವತಃ ನ್ಯಾಯಾಲಯಕ್ಕೆ ಬಂದು ಸಾಕ್ಷ್ಯ ನುಡಿದರು. ಪದವಿಯಲ್ಲಿದ್ದ ರಾಷ್ಟ್ರಪತಿಯೊಬ್ಬರು ಹಾಗೆ ಮಾಡಿದುದು ಅದೇ ಪ್ರಥಮ. ದೂರು ವಜಾ ಆಯಿತು.

ಅವರ ಆಳ್ವಿಕೆಯ ಐದು ವರ್ಷಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮಂತ್ರಿಮಂಡಲ ಕಳುಹಿಸಿದ ಕಾಗದಗಳಿಗೆ ಅವರು ಬಹು ಸುಲಭವಾಗಿ ಸಹಿ ಹಾಕಿದರೆಂಬ ಆಕ್ಷೇಪಣೆ ಅಂದೂ ಇತ್ತು, ಇಂದೂ ಇದೆ. ಮಂತ್ರಿಮಂಡಲದ ಸಲಹೆಯಂತೆ ನಡೆಯುವುದೇ ರಾಷ್ಟ್ರಪತಿಯ ಧರ್ಮವೆಂಬುದು ಅದಕ್ಕೆ ಸಮಾಧಾನ. ಈ ಸಮಾಧಾನ 1974ರ ಮೇ ತಿಂಗಳನ್ನು ನೆನೆದಾಗ ಮಾತ್ರ ನಮ್ಮ ಗಂಟಲಲ್ಲಿ ಇಳಿಯುವುದಿಲ್ಲ.

ಆ ತಿಂಗಳು ದೇಶದ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದರು. ಮುಂದೆ ನಿಂತುದು ಅದೇ ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್. ಅದರ ಆಗಿನ ಅಧ್ಯಕ್ಷರು ಜಾರ್ಜ್ ಫರ್ನಾಂಡಿಸ್. ಮಂಗಳೂರಿನಿಂದ ಬರಿಗೈಯಲ್ಲಿ ಮುಂಬಯಿಗೆ ಬಂದು, ಹೋಟೆಲು ಮಾಣಿಗಳನ್ನೂ ಟ್ಯಾಕ್ಸಿ ಚಾಲಕರನ್ನೂ ಕಟ್ಟಿ ಮೇಲೆದ್ದವರು. ಮುಷ್ಕರ ಆರಂಭವಾಗುವ ಮುನ್ನವೇ, ಮೇ 2ರಂದು, ಅವರನ್ನು ಸೆರೆಹಿಡಿದರು. ಮೇ 8ರಂದು ರೈಲುಗಳು ನಿಂತವು. ಸಾವಿರಾರು ಮಂದಿ ಜೈಲು ಸೇರಿದರು. ಅನೇಕರ ಕೆಲಸ ಹೋಯಿತು. ರೈಲ್ವೆ ಕ್ವಾರ್ಟರ್ಸುಗಳಿಂದ ಹೆಂಗಸರು ಮಕ್ಕಳನ್ನು ಹೊರಹಾಕಿದರು. ಮೂರು ವಾರಗಳೊಳಗೆ ಮುಷ್ಕರ ಮುರಿದುಬಿತ್ತು. ಹೊರಗೆ ಇಷ್ಟು ನಡೆಯುತ್ತಿದ್ದಾಗ ರಾಷ್ಟ್ರಪತಿಭವನದಲ್ಲಿದ್ದವರು ಆ ಫೆಡರೇಷನ್ನನ್ನು ಕಟ್ಟಿದವರಲ್ಲೊಬ್ಬರು, 1928ರ ಮುಷ್ಕರದ ನಾಯಕರು, ಬ್ಯಾಂಕ್ ಗುಮಾಸ್ತರಿಗಾಗಿ 1954ರಲ್ಲಿ ಕುರ್ಚಿ ಬಿಟ್ಟವರು.

ಮಕ್ಕಳು ಇಲ್ಲಿ ನಿಲ್ಲಿಸಿ ಕೇಳಿಯೇ ಕೇಳುವರು: ಅವರು ಯಾಕೆ ತಡೆಯಲಿಲ್ಲ? ಸಚಿವರಾಗಿದ್ದಾಗ ಸರ್ಕಾರದೊಡನೆ ಒಪ್ಪದಿರಲು ಅವರಿಗೆ ದಾರಿಯಿತ್ತು, ಆ ದಾರಿಯಲ್ಲಿ ನಡೆದರು. ರಾಷ್ಟ್ರಪತಿಯ ಹೆಸರಿನಲ್ಲಿ ಆಜ್ಞೆಗಳೆಲ್ಲ ಹೊರಡುತ್ತವೆ. ಆಜ್ಞೆ ಮಾಡುವವರು ಮಂತ್ರಿಗಳು. ತಡೆಯುವ ಅಧಿಕಾರ ಅವರಿಗಿರಲಿಲ್ಲ ಎಂಬ ಉತ್ತರ ಸತ್ಯವೇ. ಬಿಟ್ಟು ಹೊರಬರುವ ಸ್ವಾತಂತ್ರ್ಯವಾದರೂ ಇತ್ತಲ್ಲವೆ, ಅವಧಿ ಮುಗಿಯಲು ಉಳಿದುದು ಮೂರೇ ತಿಂಗಳಲ್ಲವೆ ಎಂದು ಚುರುಕಾದ ಮಗು ಮರುಪ್ರಶ್ನೆ ಹಾಕಿದರೆ ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಮಗುವಿನ ಪಕ್ಷಕ್ಕೇ ನಾವೂ ಸೇರುತ್ತೇವೆ.

1974ರ ಆಗಸ್ಟ್ 24ರಂದು ಫಕ್ರುದ್ದೀನ್ ಅಲಿ ಅಹ್ಮದರಿಗೆ ಅಧಿಕಾರ ಒಪ್ಪಿಸಿ ಗಿರಿಯವರು ಮದರಾಸಿಗೆ ತೆರಳಿದರು. ಮರುವರ್ಷ ಭಾರತರತ್ನ ಬಂತು. ಅವರಿಗೆ ಸೋತ ಸಂಜೀವರೆಡ್ಡಿಯವರು 1977ರಲ್ಲಿ ಎದುರಾಳಿಯೇ ಇಲ್ಲದೆ ರಾಷ್ಟ್ರಪತಿಗಳಾದುದನ್ನು ಅವರು ಕಣ್ಣಾರೆ ಕಂಡರು. 1980ರ ಜೂನ್ ತಿಂಗಳಲ್ಲಿ ಮದರಾಸಿನಲ್ಲಿ ತೀರಿಕೊಂಡರು. ದೆಹಲಿಗೆ ಹತ್ತಿರದ ನೋಯ್ಡಾದಲ್ಲಿರುವ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ 1995ರಲ್ಲಿ ಅವರ ಹೆಸರನ್ನಿಟ್ಟರು. ಕಾರ್ಮಿಕರ ವಿಷಯದಲ್ಲಿ ಸಂಶೋಧನೆಯೂ ಶಿಕ್ಷಣವೂ ಅಲ್ಲಿ ನಡೆಯುತ್ತವೆ.